ಪೂರ್ವಪಕ್ಷದ ಋಣ

ಪಿಎಚ್.ಡಿ. ಪ್ರಬಂಧವೊಂದರಲ್ಲಿ ಓದುಗರು ಬೇಗ ಬೇಗ ಪುಟ ಮಗುಚುವ ಭಾಗ ‘ಪೂರ್ವ ಅಧ್ಯಯನಗಳ ಸಮೀಕ್ಷೆ’. ಇಂಥವರು ಇಂಥ ವರ್ಷ ಇಂಥ ಪುಸ್ತಕ ಬರೆದರು, ಅದರಲ್ಲಿ ಇಷ್ಟು ಅಧ್ಯಾಯಗಳಿವೆ, ಕೃತಿ ಉಪಯುಕ್ತವಾಗಿದೆ. ಮುಂದಿನವರು ಇನ್ನೊಂದು ಬರೆದರು, ಅದೂ ಉಪಯುಕ್ತವಾಗಿದೆ. ಮದುವೆಮನೆಯಲ್ಲಿ ಮುಯ್ಯಿ ಬರೆದಿಟ್ಟ ಪುಸ್ತಕದ ಹಾಗೆ ಹೆಸರು, ಊರು, ಮೊತ್ತ ಎಲ್ಲವೂ ಅಲ್ಲಿದೆ. ಬಂದವರು ಒಬ್ಬರಿಗೊಬ್ಬರು ಏನು ಮಾತಾಡಿಕೊಂಡರು ಎಂಬುದು ಮಾತ್ರ ಇಲ್ಲ. ಕೊನೆಗೆ ‘ಈ ವಿಷಯದ ಬಗ್ಗೆ ಇದುವರೆಗೆ ಸಮಗ್ರ ಅಧ್ಯಯನ ನಡೆದಿಲ್ಲ’ ಎಂಬ ವಾಕ್ಯ ಬಂದು ಅಧ್ಯಾಯ ಮುಗಿಯುತ್ತದೆ. ಸಂಶೋಧನಾ ವಿಧಾನದ ಕಮ್ಮಟಗಳು ಇದನ್ನು ಅಚ್ಚುಕಟ್ಟಿನ ಕೊರತೆ ಎಂದು ಭಾವಿಸಿ ಹೊಸ ನಮೂನೆಗಳನ್ನು ಹಂಚುತ್ತವೆ. ಆದರೆ ಕೊರತೆ ಇರುವುದು ನಮೂನೆಯಲ್ಲಲ್ಲ. ನಮಗಿಂತ ಮೊದಲು ಯೋಚಿಸಿದವರಿಗೆ ನಾವು ಏನನ್ನು ಸಲ್ಲಿಸಬೇಕು, ಅದನ್ನು ಸಲ್ಲಿಸುವ ಸರಿಯಾದ ರೀತಿ ಯಾವುದು ಎಂಬ ಹಳೆಯ ತಾತ್ವಿಕ ಪ್ರಶ್ನೆಯೊಂದು ಈ ಅಧ್ಯಾಯದ ಬುಡದಲ್ಲಿದೆ. ಅದಕ್ಕೆ ಉತ್ತರ ಕಂಡುಕೊಳ್ಳದ ವಿದ್ಯಾರ್ಥಿಗೆ ಯಾವ ನಮೂನೆಯೂ ನೆರವಾಗದು.

ವೈದಿಕ ಪರಂಪರೆ ಮನುಷ್ಯ ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆ ಎನ್ನುತ್ತದೆ: ದೇವಋಣ, ಪಿತೃಋಣ, ಋಷಿಋಣ. ಋಷಿಗಳ ಋಣ ತೀರುವುದು ಅಧ್ಯಯನದಿಂದ. ಆದರೆ ಎಂಥ ಅಧ್ಯಯನದಿಂದ? ಓದಿದ್ದೇನೆಂದು ಹೇಳಿಕೊಳ್ಳುವುದರಿಂದಲೇ, ಹಿಂದಿನವರನ್ನು ಕೊಂಡಾಡುವುದರಿಂದಲೇ? ಶಾಸ್ತ್ರಕಾರರು ಬರವಣಿಗೆಯಲ್ಲಿ ಅನುಸರಿಸಿದ ಕ್ರಮ ಇದಕ್ಕಿಂತ ಕಠಿಣವಾದದ್ದು. ವೇದಾಂತದ ಒಂದು ಅಧಿಕರಣಕ್ಕೆ, ಅಂದರೆ ಒಂದು ವಿಷಯದ ವಿಚಾರಣೆಗೆ ಮೀಸಲಾದ ಭಾಗಕ್ಕೆ, ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಇಲ್ಲಿ ಭಾಷ್ಯಕಾರನ ಸ್ವಂತ ಮಾತು ಬರುವುದು ನಾಲ್ಕನೆಯದಾಗಿ. ಅದಕ್ಕೂ ಮೊದಲು ಯಾವ ವಿಷಯ, ಅದರಲ್ಲಿ ಯಾಕೆ ಸಂಶಯ, ಎದುರು ಪಕ್ಷದವನು ತನ್ನ ಪರವಾಗಿ ಏನು ಹೇಳಬಲ್ಲ ಎಂಬ ಮೂರನ್ನೂ ಆತ ಹೇಳಿ ಮುಗಿಸಿರಬೇಕು. ಹಿಂದಿನವರ ಋಣ ತೀರುವುದು ಅವರ ವಾದವನ್ನು ಅವರಷ್ಟೇ ಬಲವಾಗಿ ಮಂಡಿಸಿ, ಆಮೇಲೆ ಅದಕ್ಕೆ ಎದುರು ನಿಂತಾಗ. ಸಾಹಿತ್ಯ ಸಮೀಕ್ಷೆಗೂ ಇದೇ ಅಳತೆಗೋಲು ಎಂಬುದು ಈ ಲೇಖನದ ವಾದ.

ಈ ಕ್ರಮದಲ್ಲಿ ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಬಿಟ್ಟುಬಿಡುವ ಅಂಗ ಎರಡನೆಯದು, ಸಂಶಯ. ನ್ಯಾಯಭಾಷ್ಯದ ಆರಂಭದಲ್ಲೇ ವಾತ್ಸ್ಯಾಯನ ಒಂದು ಗೆರೆ ಎಳೆಯುತ್ತಾನೆ: ಏನೇನೂ ತಿಳಿಯದ ವಸ್ತುವಿನ ವಿಚಾರದಲ್ಲಿ ತರ್ಕಕ್ಕೆ ಕೆಲಸವಿಲ್ಲ, ತೀರ್ಮಾನವಾಗಿಬಿಟ್ಟ ವಿಚಾರದಲ್ಲೂ ಇಲ್ಲ, ಸಂಶಯ ಇರುವಲ್ಲಿ ಮಾತ್ರ ಅದು ನಡೆಯುತ್ತದೆ. ಸಂಶಯ ಹುಟ್ಟಲು ನ್ಯಾಯಸೂತ್ರ ಕೊಡುವ ಕಾರಣಗಳಲ್ಲಿ ವಿಪ್ರತಿಪತ್ತಿ ಒಂದು, ಅಂದರೆ ಒಂದೇ ವಿಷಯದ ಬಗ್ಗೆ ಪರಸ್ಪರ ಒಪ್ಪದ ಎರಡು ನಿಲುವುಗಳು. ‘ಇದುವರೆಗೆ ಅಧ್ಯಯನ ನಡೆದಿಲ್ಲ’ ಎಂಬ ವಾಕ್ಯವನ್ನು ಈ ಮಾತಿನ ಪಕ್ಕ ಇಟ್ಟು ನೋಡಿದರೆ ಅದರ ಬಡತನ ಗೊತ್ತಾಗುತ್ತದೆ. ಯಾರೂ ಮಾಡದ ಕೆಲಸಗಳು ಲೋಕದಲ್ಲಿ ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಬಹುಪಾಲನ್ನು ಯಾರೂ ಮಾಡದಿರುವುದಕ್ಕೆ ಅವು ಬೇಕಿಲ್ಲದಿರುವುದೇ ಕಾರಣ. ಖಾಲಿ ಜಾಗ ಇದೆ ಎಂದಮಾತ್ರಕ್ಕೆ ಪ್ರಶ್ನೆ ಇದೆ ಎಂದಾಗುವುದಿಲ್ಲ. ಬಲ್ಲವರಿಬ್ಬರು ಒಂದೇ ಆಧಾರ ನೋಡಿ ಬೇರೆ ಬೇರೆ ತೀರ್ಮಾನಕ್ಕೆ ಬಂದಿದ್ದರೆ, ಅಲ್ಲಿ ಪ್ರಶ್ನೆ ಇದೆ. ಅದನ್ನು ಹುಡುಕಿ ತೋರಿಸುವುದೇ ಸಮೀಕ್ಷೆಯ ಕೆಲಸ.

ಕನ್ನಡದ್ದೇ ಒಂದು ವಿಷಯ ತೆಗೆದುಕೊಳ್ಳಬಹುದು. ವಚನಗಳು ಮತ್ತು ಜಾತಿ ಎಂಬ ವಿಷಯ ಆರಿಸಿಕೊಂಡ ವಿದ್ಯಾರ್ಥಿ 1923ರಲ್ಲಿ ಫ.ಗು. ಹಳಕಟ್ಟಿಯವರು ಪ್ರಕಟಿಸಿದ ‘ವಚನಶಾಸ್ತ್ರಸಾರ’ದಿಂದ ಹೊರಟು ಇಂದಿನವರೆಗಿನ ಕೃತಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಸಿಗುವುದು ಪಟ್ಟಿ. ಅದೇ ಸಾಮಗ್ರಿಯನ್ನು ವಿಪ್ರತಿಪತ್ತಿಯ ಸುತ್ತ ಜೋಡಿಸಿದರೆ ಚಿತ್ರ ಬೇರೆಯಾಗುತ್ತದೆ. ವಚನಗಳು ಜಾತಿವ್ಯವಸ್ಥೆಯ ವಿರುದ್ಧ ಎದ್ದ ಸಾಮಾಜಿಕ ದನಿ ಎಂಬುದು ಒಂದು ಪಕ್ಷ. ಈ ಓದು ವಸಾಹತುಶಾಹಿ ಕಾಲದ ವಿಚಾರಗಳಿಂದ ಬಂದದ್ದು, ಜಾತಿಯ ಮಾತೆತ್ತುವ ವಚನಗಳ ಪ್ರಮಾಣ ಕಡಿಮೆ, ವಚನಗಳ ಮುಖ್ಯ ಕಾಳಜಿ ಆಧ್ಯಾತ್ಮಿಕ ಸಾಧನೆ ಎಂಬುದು ಇನ್ನೊಂದು ಪಕ್ಷ. ಇಬ್ಬರ ವಾದವನ್ನೂ ಅವರವರ ಪೂರ್ಣ ಬಲದೊಂದಿಗೆ ಎದುರು ಬದುರು ನಿಲ್ಲಿಸಿದ ಮೇಲೆ, ಇಬ್ಬರ ಆಧಾರವನ್ನೂ ಮುಟ್ಟುವ ಪ್ರಶ್ನೆಗಳು ತಾವಾಗಿ ಏಳುತ್ತವೆ. ಒಂದು ವಿಚಾರದ ತೂಕವನ್ನು ಅದು ಎಷ್ಟು ವಚನಗಳಲ್ಲಿ ಬಂದಿದೆ ಎಂಬ ಎಣಿಕೆಯಿಂದ ಅಳೆಯಬಹುದೇ? ಹನ್ನೆರಡನೆಯ ಶತಮಾನದ ವಚನಗಳು ನಮಗೆ ತಲುಪಿರುವುದು ಬಹುಮಟ್ಟಿಗೆ ನಂತರದ ಸಂಕಲನಕಾರರ ಮೂಲಕ. ಶೂನ್ಯಸಂಪಾದನೆಯಂಥ ಕೃತಿಗಳು ವಚನಗಳನ್ನು ಸಂವಾದದ ರೂಪದಲ್ಲಿ ಹೊಸದಾಗಿ ಜೋಡಿಸಿದವು. ಹಾಗಿದ್ದಾಗ ನಾವು ಓದುತ್ತಿರುವುದು ವಚನಕಾರರ ಒತ್ತನ್ನೋ, ಸಂಕಲನಕಾರರ ಒತ್ತನ್ನೋ? ಇಂಥ ಪ್ರಶ್ನೆ ಪಟ್ಟಿಯಿಂದ ಹುಟ್ಟುವುದಿಲ್ಲ.

ಎದುರಾಳಿಯ ಮಾತನ್ನು ಬಲವಾಗಿ ಹೇಳಿದರೆ ಏನು ಲಾಭ ಎಂಬುದಕ್ಕೆ ವಿಜಯನಗರದ ಕಾಲದ ಒಂದು ವಾದಸರಣಿಗಿಂತ ಒಳ್ಳೆಯ ಪುರಾವೆ ಬೇಡ. ವ್ಯಾಸತೀರ್ಥರು ‘ನ್ಯಾಯಾಮೃತ’ದಲ್ಲಿ ಅದ್ವೈತವನ್ನು ಖಂಡಿಸಲು ಹೊರಟಾಗ ಮೊದಲು ಮಾಡಿದ ಕೆಲಸ, ಜಗತ್ತು ಮಿಥ್ಯೆ ಎಂಬಲ್ಲಿ ಮಿಥ್ಯೆ ಎಂದರೇನು ಎಂದು ಅದ್ವೈತಿಗಳ ಗ್ರಂಥಗಳನ್ನೇ ಕೇಳಿದ್ದು. ಪದ್ಮಪಾದ, ಪ್ರಕಾಶಾತ್ಮ, ಚಿತ್ಸುಖ, ಆನಂದಬೋಧ ಮೊದಲಾದವರ ಕೃತಿಗಳಿಂದ ಐದು ಲಕ್ಷಣಗಳನ್ನು ಆಯ್ದು, ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷೆಗೆ ಒಡ್ಡಿದರು. ಇದಕ್ಕೆ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಉತ್ತರ ಬರೆದಾಗ ಆ ಐದನ್ನೂ ಅದೇ ಜಾಡಿನಲ್ಲಿ ಎತ್ತಿಕೊಂಡು ಸಮರ್ಥಿಸಿದರು. ರಾಮಾಚಾರ್ಯರ ‘ತರಂಗಿಣಿ’ ದ್ವೈತದ ಕಡೆಯಿಂದ ಮರುತ್ತರ ಕೊಟ್ಟರೆ, ಬ್ರಹ್ಮಾನಂದ ಸರಸ್ವತಿಗಳ ವ್ಯಾಖ್ಯಾನ ಅದ್ವೈತದ ಕಡೆಯಿಂದ ಅದಕ್ಕೂ ಉತ್ತರಿಸಿತು. ಇದರಲ್ಲಿ ಗೆದ್ದವರಾರು ಎಂಬ ಚರ್ಚೆ ಇಲ್ಲಿ ಬೇಡ. ಗಮನಿಸಬೇಕಾದದ್ದು ಇಷ್ಟು: ಚದುರಿಹೋಗಿದ್ದ ಅದ್ವೈತದ ಲಕ್ಷಣಗಳಿಗೆ ಒಪ್ಪವಾದ ಸಮೀಕ್ಷೆ ದೊರೆತದ್ದು ಅದ್ವೈತವನ್ನು ಒಪ್ಪದ ಒಬ್ಬರಿಂದ, ಮತ್ತು ಆ ಸಮೀಕ್ಷೆ ಅದ್ವೈತಿಗಳೇ ಅದರ ಮೇಲೆ ತಮ್ಮ ಉತ್ತರ ಕಟ್ಟುವಷ್ಟು ನಿಖರವಾಗಿತ್ತು. ಸಮೀಕ್ಷೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಪೂರ್ವಪಕ್ಷದ ಈ ಪರಂಪರೆ ಅಷ್ಟೇನೂ ಪ್ರಾಮಾಣಿಕವಾಗಿರಲಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಆಧಾರವೂ ಇದೆ. ಹದಿನಾಲ್ಕನೆಯ ಶತಮಾನದ ಮಾಧವನ ‘ಸರ್ವದರ್ಶನಸಂಗ್ರಹ’ ಚಾರ್ವಾಕರಿಂದ ಆರಂಭಿಸಿ ದರ್ಶನಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತದೆ. ಚಾರ್ವಾಕರು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಅವರ ಮೂಲಸೂತ್ರಗಳು ಉಳಿದಿಲ್ಲವಾದ್ದರಿಂದ, ಪ್ರತ್ಯಕ್ಷವೊಂದೇ ಪ್ರಮಾಣ, ಸುಖವೇ ಗುರಿ ಎನ್ನುವ ಸರಳ ಭೋಗವಾದಿಗಳ ಚಿತ್ರವೇ ಶತಮಾನಗಳ ಕಾಲ ನಿಂತಿತು. ಆ ಪಂಥಕ್ಕೆ ಹತ್ತಿರದವನೆಂದು ಹಲವು ವಿದ್ವಾಂಸರು ಗುರುತಿಸುವ ಜಯರಾಶಿಯ ‘ತತ್ತ್ವೋಪಪ್ಲವಸಿಂಹ’ 1940ರಲ್ಲಿ ಬರೋಡದಿಂದ ಅಚ್ಚಾದಾಗ ಕಂಡದ್ದು ಬೇರೆಯೇ ಮುಖ: ಪ್ರತ್ಯಕ್ಷವನ್ನೂ ಬಿಡದೆ ಎಲ್ಲ ಪ್ರಮಾಣಗಳ ಲಕ್ಷಣಗಳನ್ನೂ ತರ್ಕದಿಂದ ಬಿಚ್ಚಿ ಹಾಕುವ ಹರಿತ ಸಂದೇಹವಾದಿ. ಈ ಆಕ್ಷೇಪವನ್ನು ಒಪ್ಪೋಣ. ಆದರೆ ಇದು ಬುಡಮೇಲು ಮಾಡುವುದು ಅಳತೆಗೋಲನ್ನಲ್ಲ, ಅದನ್ನು ಮುರಿದವರನ್ನು. ಒಂದು ಸಮೀಕ್ಷೆ ತಪ್ಪಿದರೆ ಒಂದು ಚಿಂತನೆಯೇ ನೂರಾರು ವರ್ಷ ವಿಕಾರವಾಗಿ ಉಳಿಯಬಹುದು ಎಂಬುದಕ್ಕೆ ಇದೇ ಸಾಕ್ಷಿ. ವ್ಯತಿರಿಕ್ತ ಸಾಕ್ಷಿಯೂ ಇದೆ: ಕೃತಿಗಳು ಕಳೆದುಹೋದ ಕೆಲವು ಪ್ರಾಚೀನ ನೈಯಾಯಿಕರ ವಾದಗಳು ಇಂದು ನಮಗೆ ಗೊತ್ತಿರುವುದು ಅವರನ್ನು ಖಂಡಿಸಿದ ಬೌದ್ಧರ, ಶಾಂತರಕ್ಷಿತನ ‘ತತ್ತ್ವಸಂಗ್ರಹ’ ಮತ್ತು ಅದರ ಮೇಲಿನ ಕಮಲಶೀಲನ ಪಂಜಿಕೆಯ ಮೂಲಕ. ಎರಡು ದಾರಿಗಳ ವ್ಯತ್ಯಾಸ ಪರಂಪರೆಗೂ ಗೊತ್ತಿತ್ತು. ಸತ್ಯ ತಿಳಿಯಲು ನಡೆಸುವ ವಾದ, ಗೆಲ್ಲಲು ನಡೆಸುವ ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಬರಿದೆ ಕೆಡವುವ ವಿತಂಡ ಎಂದು ನ್ಯಾಯಸೂತ್ರ ಬೇರ್ಪಡಿಸುತ್ತದೆ. ಹೇಳಿದವನು ಉದ್ದೇಶಿಸದ ಅರ್ಥವನ್ನು ಅವನ ಮಾತಿಗೆ ಹಚ್ಚುವುದನ್ನು ಛಲವೆಂದು ಕರೆದು ದೋಷದ ಪಟ್ಟಿಗೆ ಸೇರಿಸುತ್ತದೆ. ಹಿಂದಿನವರೆಲ್ಲ ‘ಸೀಮಿತ ದೃಷ್ಟಿಯವರು’ ಎಂದು ಸಾಲಾಗಿ ತಳ್ಳಿಹಾಕುವ ಸಮೀಕ್ಷೆ ವಿತಂಡ. ಅರ್ಧ ವಾಕ್ಯ ಉದ್ಧರಿಸಿ ಹೊಡೆಯುವ ಸಮೀಕ್ಷೆ ಛಲ.

ಇದೆಲ್ಲ ದರ್ಶನಶಾಸ್ತ್ರಕ್ಕೆ ಸರಿ, ವಿಜ್ಞಾನದಲ್ಲಿ ಎದುರಾಳಿಗಳಿಲ್ಲ, ಅಲ್ಲಿ ಫಲಿತಾಂಶಗಳು ಒಂದರ ಮೇಲೊಂದು ಕೂಡುತ್ತ ಹೋಗುತ್ತವೆ ಎಂಬುದು ಇನ್ನೊಂದು ಆಕ್ಷೇಪ. ವಿಶ್ವ ಹಿಗ್ಗುವ ವೇಗದ ಪ್ರಶ್ನೆ ಇದಕ್ಕೆ ಉತ್ತರ. ವಿಶ್ವದ ಶೈಶವದ ವಿಕಿರಣವನ್ನು ಆಧರಿಸಿದ ಪ್ಲಾಂಕ್ ಉಪಗ್ರಹದ ಲೆಕ್ಕ ಈ ವೇಗವನ್ನು ಸೂಚಿಸುವ ಹಬಲ್ ಸ್ಥಿರಾಂಕವನ್ನು ಸುಮಾರು 67 ಎನ್ನುತ್ತದೆ. ಸೆಫೀಡ್ ನಕ್ಷತ್ರಗಳನ್ನೂ ಸೂಪರ್‌ನೋವಾಗಳನ್ನೂ ಆಧರಿಸಿದ ಅಳತೆ ಸುಮಾರು 73 ಎನ್ನುತ್ತದೆ. ಎರಡೂ ಎಚ್ಚರದಿಂದ ಮಾಡಿದ ಅಳತೆಗಳು, ಎರಡೂ ಒಟ್ಟಿಗೆ ಸರಿಯಾಗಿರಲಾರವು. ಇಡೀ ಕ್ಷೇತ್ರದ ಕುತೂಹಲ ಆ ಅಂತರದಲ್ಲಿದೆ. ಇಲ್ಲಿ ಪೂರ್ವಪಕ್ಷ ನಡೆಸುವುದೆಂದರೆ ಪ್ರತಿಯೊಂದು ಅಳತೆ ಯಾವ ಊಹೆಗಳ ಮೇಲೆ ನಿಂತಿದೆ, ದೋಷ ಎಲ್ಲಿ ನುಸುಳಬಹುದು ಎಂದು ಅಳೆದವರ ದೃಷ್ಟಿಯಿಂದಲೇ ವಿವರಿಸುವುದು. ಸಮಾಜವಿಜ್ಞಾನದಲ್ಲೂ ಇದೇ ಕ್ರಮ: ಎರಡು ಅಧ್ಯಯನಗಳ ಫಲ ಬೇರೆಯಾಗಿದ್ದರೆ ಮಾದರಿ, ಕಾಲ, ಪ್ರಶ್ನಾವಳಿ ಇವುಗಳಲ್ಲಿ ಯಾವುದರಿಂದ ಬೇರೆಯಾಯಿತು ಎಂದು ಕೇಳಬೇಕು.

ಓದಬೇಕಾದದ್ದು ಬೆಟ್ಟದಷ್ಟಿರುವಾಗ, ಸಾರಾಂಶ ಬರೆದುಕೊಡುವ ಯಂತ್ರಗಳು ಕೈಯಲ್ಲೇ ಇರುವಾಗ ಇಷ್ಟು ಶ್ರಮ ಯಾಕೆ ಎಂದು ಕೇಳುವವರೂ ಇದ್ದಾರೆ. ಯಂತ್ರ ಕೆಲವೊಮ್ಮೆ ಇಲ್ಲದ ಲೇಖನಗಳನ್ನೇ ಹೆಸರಿಸುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತು. ಅದು ತಪ್ಪೇ ಮಾಡದಿದ್ದರೂ ಸಾರಾಂಶದ ಕೊರತೆ ಉಳಿಯುತ್ತದೆ: ಲೇಖಕ ಯಾವ ಆಕ್ಷೇಪಕ್ಕೆ ಹೆದರಿ ಯಾವ ಮಾತನ್ನು ಬಿಗಿಮಾಡಿದ ಎಂಬುದು ತೀರ್ಮಾನದ ಸಾಲುಗಳಲ್ಲಿ ಕಾಣದು, ಸಂಶಯ ಹುಟ್ಟುವುದು ಮಾತ್ರ ಹಾಗೆ ಬಿಗಿಮಾಡಿದ ಜಾಗದಲ್ಲೇ. ಕೃತಿಚೌರ್ಯದ ನಿಯಮಗಳೂ ಇಲ್ಲಿ ಕಾಯುವುದಿಲ್ಲ. ಯುಜಿಸಿಯ 2018ರ ನಿಯಮಾವಳಿ ಶೇ. 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ, ಅದಕ್ಕಿಂತ ಹೆಚ್ಚಾದರೆ ಹಂತ ಹಂತವಾಗಿ ಕ್ರಮ ಕೈಗೊಳ್ಳುತ್ತದೆ. ಆದರೆ ತಂತ್ರಾಂಶ ಹಿಡಿಯುವುದು ಕದ್ದ ಪದಗಳನ್ನು. ಒಬ್ಬರ ನಿಲುವನ್ನು ತಿರುಚಿ ಸ್ವಂತ ವಾಕ್ಯಗಳಲ್ಲಿ ಬರೆದರೆ ಅದಕ್ಕೆ ಹೋಲಿಕೆ ಶೂನ್ಯ. ಪದ ಕದಿಯುವುದಕ್ಕಿಂತ ನಿಲುವನ್ನು ಕೆಡಿಸುವುದು ಸಣ್ಣ ಅಪರಾಧವೇನಲ್ಲ. ಓದಿನ ಬೆಟ್ಟಕ್ಕೂ ಪರಿಹಾರ ಸಂಶಯದಲ್ಲೇ ಇದೆ: ಪ್ರಶ್ನೆ ಸ್ಪಷ್ಟವಾದಷ್ಟೂ ಅದನ್ನು ಮುಟ್ಟುವ ಕೃತಿಗಳು ಕಡಿಮೆಯಾಗುತ್ತವೆ, ಅಷ್ಟನ್ನು ಪೂರ್ತಿ ಓದಬಹುದು.

ನಿಜಕ್ಕೂ ಕಾಡುವ ಆಕ್ಷೇಪ ಬೇರೆ. ಪೂರ್ವಪಕ್ಷದ ಸ್ಥಾನ ಸಿಗುತ್ತಿದ್ದುದು ವಾದಕ್ಕೆ ಅರ್ಹರೆಂದು ಎಣಿಸಲ್ಪಟ್ಟವರಿಗೆ ಮಾತ್ರ. ಸಂಸ್ಕೃತದ ವಾದಮಂಟಪದ ಹೊರಗಿದ್ದ ಹೆಂಗಸರು, ಕೆಳಜಾತಿಗಳವರು, ದೇಶಭಾಷೆಗಳಲ್ಲಿ ನುಡಿದವರು ಖಂಡನೆಗೂ ಯೋಗ್ಯರೆನಿಸಲಿಲ್ಲ. ಖಂಡನೆಯೂ ಒಂದು ಬಗೆಯ ಮನ್ನಣೆ. ಅದನ್ನೂ ಕೊಡದಿರುವುದು ಅವರನ್ನು ಅಳಿಸಿಹಾಕುವುದಕ್ಕೆ ಸಮ. ಇಂದಿನ ಸಮೀಕ್ಷೆಗಳೂ ಇದೇ ದಾರಿಯಲ್ಲಿವೆ. ಇಂಗ್ಲಿಷ್ ದತ್ತಾಂಶ ಕೋಶಗಳಲ್ಲಿ ಹುಡುಕಿ ಸಿಕ್ಕಿದ್ದನ್ನೇ ಸಮಗ್ರ ಎಂದು ನಂಬುವ ವಿದ್ಯಾರ್ಥಿಗೆ ‘ಪ್ರಬುದ್ಧ ಕರ್ನಾಟಕ’ದ ಹಳೆಯ ಸಂಚಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ಜಿಲ್ಲಾಮಟ್ಟದ ವಿದ್ವಾಂಸರ ಪುಸ್ತಿಕೆಗಳಲ್ಲಿ ಇರುವ ಕನ್ನಡದ ವಿದ್ವತ್ತು ಕಾಣುವುದೇ ಇಲ್ಲ. ಹಾಗಾಗಿ ಪರಂಪರೆಯ ಅಳತೆಗೋಲನ್ನು ಪಡೆದುಕೊಂಡು ಅದರ ಮಿತಿಯನ್ನು ದಾಟಬೇಕು: ಈ ಚರ್ಚೆಯಲ್ಲಿ ಯಾರ ಮಾತನ್ನು ಪಕ್ಷವೆಂದೇ ಎಣಿಸಿಲ್ಲ ಎಂಬುದನ್ನೂ ಸಮೀಕ್ಷೆ ಕೇಳಬೇಕು. ಎದುರಾಳಿಯ ಮಾತನ್ನು ನ್ಯಾಯವಾಗಿ ಹೇಳಬೇಕೆಂಬ ತತ್ತ್ವವನ್ನು ಪೂರ್ತಿ ಒಪ್ಪಿದವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು, ಏಕೆಂದರೆ ಕೇಳಿಸಿಕೊಳ್ಳದವರ ಮಾತಿಗೆ ನ್ಯಾಯ ಸಲ್ಲಿಸುವುದು ಸಾಧ್ಯವಿಲ್ಲ.

ಹೀಗೆ ಹಿಂದಿನವರನ್ನು ಹೊತ್ತುಕೊಂಡರೆ ಸ್ವಂತಿಕೆ ಉಳಿಯುವುದೇ ಎಂಬ ಭಯ ವಿದ್ಯಾರ್ಥಿಗಳಿಗೆ ಸಹಜ. ಅಧಿಕರಣದ ಕ್ರಮ ಇದಕ್ಕೂ ಉತ್ತರಿಸುತ್ತದೆ: ಪೂರ್ವಪಕ್ಷ ದುರ್ಬಲವಾಗಿದ್ದರೆ ಸಿದ್ಧಾಂತಕ್ಕೆ ಬೆಲೆ ಇಲ್ಲ, ಏಕೆಂದರೆ ದುರ್ಬಲನನ್ನು ಸೋಲಿಸಿ ಸ್ಥಾಪಿಸಿದ್ದು ಏನನ್ನೂ ಸ್ಥಾಪಿಸಿದಂತಲ್ಲ. ಆದ್ದರಿಂದ ಅಧ್ಯಾಯ ಬರೆದು ಮುಗಿಸಿದ ಮೇಲೆ ವಿದ್ಯಾರ್ಥಿ ಮಾಡಿಕೊಳ್ಳಬೇಕಾದ ಪರೀಕ್ಷೆ ಒಂದೇ. ಇದರಲ್ಲಿ ಹೆಸರಿಸಿದ ಪ್ರತಿಯೊಬ್ಬರೂ ತಮ್ಮ ಭಾಗವನ್ನು ಓದಿ ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನುವರೇ? ಹಾಗೆಂದ ಮೇಲೂ ವಿದ್ಯಾರ್ಥಿಯ ಪ್ರಶ್ನೆಗೆ ಅವರಲ್ಲಿ ಸಿದ್ಧ ಉತ್ತರ ಇಲ್ಲವೆಂದಾದರೆ, ಆ ಪ್ರಶ್ನೆ ನಿಜವಾಗಿಯೂ ಅವನದು. ವೈವಾದಲ್ಲಿ ‘ನಿಮ್ಮದೇನು ಹೊಸತು?’ ಎಂದು ಪರೀಕ್ಷಕರು ಕೇಳಿದಾಗ ಉತ್ತರಕ್ಕಾಗಿ ಕೊನೆಯ ಅಧ್ಯಾಯದಲ್ಲಿ ತಡಕಾಡಬೇಕಿಲ್ಲ. ಸಮೀಕ್ಷೆಯ ಅಧ್ಯಾಯ ಸರಿಯಾಗಿದ್ದರೆ ಉತ್ತರದ ಅರ್ಧ ಅಲ್ಲೇ ಇರುತ್ತದೆ.