ವಂಶಬೀಜವೂ ಪುರುಷಪ್ರಯತ್ನವೂ

ಮನುಷ್ಯನ ರಕ್ತವನ್ನೋ ಎಂಜಲನ್ನೋ ಪರೀಕ್ಷಿಸಿ, ವಂಶವಾಹಿಗಳ ಲಿಪಿಯನ್ನೋದಿ, ಇವನು ಮುಂದೆ ಮದ್ಯಕ್ಕೆ ದಾಸನಾಗುವ ಸಂಭವವೆಷ್ಟೆಂದು ಗಣಿಸುವ ಪ್ರಯತ್ನವು ಈಗ ವಿಜ್ಞಾನಿಗಳಲ್ಲಿ ನಡೆದಿದೆ. ಹೀಗೆ ಮೊದಲೇ ತಿಳಿಯುವುದು ಶ್ರೇಯಸ್ಕರವೇ? ತಿಳಿದವರು ಅದನ್ನು ಹೇಗೆ ಬಳಸಬೇಕು? ಇದೇ ಇಲ್ಲಿಯ ವಿಚಾರ.

ಪೂರ್ವಪಕ್ಷವು ದುರ್ಬಲವಾದುದಲ್ಲ. ಡೆನ್ಮಾರ್ಕಿನ ದತ್ತುಮಕ್ಕಳನ್ನು ಕುರಿತು 1973ರಲ್ಲಿ ಪ್ರಕಟವಾದ ಶೋಧನೆಯಲ್ಲಿ, ಮದ್ಯವ್ಯಸನಿಗಳಿಗೆ ಹುಟ್ಟಿದ ಗಂಡುಮಕ್ಕಳು, ಶೈಶವದಲ್ಲಿಯೇ ಬೇರೆ ಮನೆ ಸೇರಿ ಬೆಳೆದರೂ, ಇತರ ದತ್ತುಪುತ್ರರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಆ ವ್ಯಸನಕ್ಕೆ ತುತ್ತಾದುದು ಕಂಡುಬಂದಿತು. ಅವಳಿಮಕ್ಕಳ ಶೋಧನೆಗಳೂ ಜನರೊಳಗಿನ ಈ ವ್ಯತ್ಯಾಸದಲ್ಲಿ ಸುಮಾರು ಅರ್ಧಪಾಲು ವಂಶಬೀಜದ್ದೆನ್ನುತ್ತವೆ. ಪೂರ್ವ ಏಷ್ಯದ ಅನೇಕರಲ್ಲಿ ಒಂದು ವಂಶವಾಹಿಯ ಭೇದವಿದ್ದು, ಕುಡಿದೊಡನೆ ಮುಖ ಕೆಂಪೇರಿ ವಾಕರಿಕೆ ಬರುವುದರಿಂದ ಅವರು ಬಹುಮಟ್ಟಿಗೆ ವ್ಯಸನದಿಂದ ಪಾರಾಗುತ್ತಾರೆ. ಆದಕಾರಣ ಬೀಜವನ್ನೋದಿದರೆ ಬಾಳನ್ನೋದಿದಂತೆಯೇ ಎಂಬರು.

ಇದಕ್ಕೆ ಸಮಾಧಾನವು ಹೀಗೆ. ಹೊಗೆಯಿಂದ ಬೆಂಕಿಯನ್ನು ಅನುಮಾನಿಸಬಹುದು. ಬೆಂಕಿಯಿಂದ ಹೊಗೆಯನ್ನು ಅನುಮಾನಿಸಲಾಗದೆಂಬುದನ್ನು ತರ್ಕವನ್ನೋದಿದವರೆಲ್ಲ ಬಲ್ಲರು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಸೌದೆಯೆಂಬ ಉಪಾಧಿ ಬೇಕು. ವಂಶಬೀಜವು ಬೆಂಕಿಯಂತೆ, ದುಸ್ಸಹವಾಸ, ಶೋಕ, ಸುಲಭವಾಗಿ ದೊರೆಯುವ ಮದ್ಯ, ಇವು ಹಸಿಸೌದೆ. ಅರ್ಧಪಾಲೆಂಬ ಲೆಕ್ಕವಾದರೂ ಸಮುದಾಯದ್ದು. ಒಬ್ಬನನ್ನು ನಿಲ್ಲಿಸಿ ಇವನಲ್ಲಿ ಅರ್ಧ ಕೆಟ್ಟಿದೆಯೆನ್ನಲು ಬಾರದು. ಇದಕ್ಕೆ ಕಾರಣವಾದ ವಂಶವಾಹಿ ಒಂದಲ್ಲ. ಅಲ್ಪಾಲ್ಪ ಪ್ರಭಾವವುಳ್ಳವು ಅನೇಕ. ಅವನ್ನೆಲ್ಲ ಕೂಡಿಸಿದ ಗಣನೆಯೂ ವ್ಯತ್ಯಾಸದ ಸ್ವಲ್ಪಭಾಗವನ್ನೇ ವಿವರಿಸುತ್ತದೆ. ಬಹುಪಾಲು ಐರೋಪ್ಯ ವಂಶದವರಿಂದ ಸಂಗ್ರಹಿಸಿದುದಾದ್ದರಿಂದ ಅನ್ಯರಲ್ಲಿ ಇನ್ನೂ ದುರ್ಬಲ.

ಯಂತ್ರದ ನೆರವಿಲ್ಲದೆಯೇ ನಾನೊಮ್ಮೆ ಇಂತಹ ಭವಿಷ್ಯವನ್ನು ನುಡಿದಿದ್ದೆನು. ಕುಡುಕನ ಮಗನೊಬ್ಬನು ನನ್ನ ತರಗತಿಯಲ್ಲಿದ್ದನು. ತಂದೆಯ ಹಾದಿಯೇ ಇವನದೂ ಎಂದು ಬಗೆದು, ವಿದ್ಯಾರ್ಥಿನಿಲಯಕ್ಕೆ ಅವನ ಹೆಸರನ್ನು ಸೂಚಿಸದೆ ಬಿಟ್ಟೆನು. ಅವನು ಆ ಮನೆಯಲ್ಲಿಯೇ ಉಳಿದನು. ಇಪ್ಪತ್ತು ತುಂಬುವುದರೊಳಗೆ ಕುಡಿಯತೊಡಗಿದನು. ನನ್ನ ಮಾತು ದಿಟವಾಯಿತೆಂದು ಅಂದು ತಿಳಿದೆನು. ಹಸಿಸೌದೆಯನ್ನು ಒಟ್ಟಿದವರಲ್ಲಿ ನಾನೂ ಒಬ್ಬನೆಂದು ತಿಳಿಯಲು ಬಹುಕಾಲ ಹಿಡಿಯಿತು.

ಆದುದರಿಂದ ಈ ಜ್ಞಾನವು ತ್ಯಾಜ್ಯವಲ್ಲ. ಅದಕ್ಕೆ ಅಧಿಕಾರಿ ಯಾರೆಂಬುದೇ ಮುಖ್ಯ. ತನ್ನನ್ನು ತಾನು ಎಚ್ಚರಿಸಿಕೊಳ್ಳಬಯಸುವವನಿಗೂ ಅವನ ವೈದ್ಯನಿಗೂ ಅದು ದೀಪ. ಕೆಲಸ ಕೊಡುವವನು, ಹೆಣ್ಣು ಕೊಡುವವನು, ಉಪಾಧ್ಯಾಯನು ಅದನ್ನು ತೀರ್ಪೆಂದು ಹಿಡಿದರೆ ಅದೇ ಸೌದೆಯಾಗುವುದು. ಅಮೆರಿಕದ 2008ರ ಕಾಯಿದೆಯು ಉದ್ಯೋಗದಲ್ಲಿಯೂ ಆರೋಗ್ಯವಿಮೆಯಲ್ಲಿಯೂ ಇಂತಹ ಭೇದವನ್ನು ನಿಷೇಧಿಸಿದುದು ಯುಕ್ತವೇ. ಆದರೆ ಮನಸ್ಸಿನೊಳಗಿನ ತೀರ್ಪಿಗೆ ಕಾಯಿದೆಯಿಲ್ಲ. ಅಪಾಯವುಂಟೆಂದು ಕಂಡ ಮಗುವಿಗೆ ಮೊದಲು ಆಸರೆಯನ್ನು ಕೊಡುವುದೇ ಅರಿತವನ ಧರ್ಮ.