ನಾರ್ಮಲ್ ಪೆಟ್ರೋಲ್ ಹಾಕಿಸಿದರೆ ಪಾಪವಾ?

ಬೆಂಗಳೂರಿನ ಪೆಟ್ರೋಲ್ ಬಂಕುಗಳಲ್ಲಿ "ಝೀರೋ ನೋಡ್ಕೊಳ್ಳಿ ಸಾರ್" ಅನ್ನುವುದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಬರುತ್ತೆ. "ನಾರ್ಮಲ್ಲಾ, ಪ್ರೀಮಿಯಮ್ಮಾ?" ಪೈಪ್ ಹಿಡಿದವನಿಗೆ ಅದು ದಿನಕ್ಕೆ ನೂರಾರು ಸಲ ಕೇಳುವ ಮಾಮೂಲಿ ಮಾತು. ಹೊಸ ಕಾರು ತಗೊಂಡವರಿಗೆ ಮಾತ್ರ ಮಾಮೂಲಿ ಅಲ್ಲ. ಐದು ವರ್ಷದ ಇಎಂಐ ಈಗಷ್ಟೇ ಶುರುವಾಗಿದೆ, ಬಾನೆಟ್ ಮೇಲಿನ ಅರಿಶಿನ ಕುಂಕುಮ ಇನ್ನೂ ಮಾಸಿಲ್ಲ. ಅಂಥ ಕಾರಿಗೆ "ನಾರ್ಮಲ್" ಅಂತ ಬಾಯಿಬಿಟ್ಟು ಹೇಳುವಾಗ ಒಳಗೆಲ್ಲೋ ಸಣ್ಣದಾಗಿ ಚುಚ್ಚುತ್ತೆ. ಮನೆಯ ಮಗುವಿಗೆ ಏನೋ ಕಡಿಮೆ ಮಾಡಿದ ಹಾಗೆ.

ಅಗ್ಗದ ಪೆಟ್ರೋಲ್ ಹಾಕಿಸಿದರೆ ಕಾರು ಹಾಳಾಗುತ್ತಾ? ಇದನ್ನು ಆಫೀಸಿನ ಊಟದ ಟೇಬಲ್ಲಿನಲ್ಲಿ, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂಡ ಕೇಳಿಸಿಕೊಂಡಿದ್ದೇನೆ. ಎಲ್ಲರೂ ಇದು ಮೆಕ್ಯಾನಿಕ್ಕಿಗೆ ಕೇಳಬೇಕಾದ ಪ್ರಶ್ನೆ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅರ್ಧ ಮಾತ್ರ ಹಾಗೆ. ಉಳಿದರ್ಧ ನೀತಿಯ ಪ್ರಶ್ನೆ.

ಮೆಕ್ಯಾನಿಕ್ಕಿನ ಅರ್ಧವನ್ನು ಮೊದಲು ಮುಗಿಸಿಬಿಡೋಣ. ನಾರ್ಮಲ್ ಮತ್ತು ಪ್ರೀಮಿಯಂ ನಡುವಿನ ಮುಖ್ಯ ವ್ಯತ್ಯಾಸ ಆಕ್ಟೇನ್ ಸಂಖ್ಯೆ. ಹಲವು ವರ್ಷ ನಮ್ಮಲ್ಲಿ ಸಾಮಾನ್ಯ ಪೆಟ್ರೋಲ್ ಅಂದರೆ 91, ಪ್ರೀಮಿಯಂ ಅಂದರೆ 95 ಅಂತಿತ್ತು. ಈ ಸಂಖ್ಯೆ ಹೆಚ್ಚಿದಷ್ಟೂ ಪೆಟ್ರೋಲಿನಲ್ಲಿ ಶಕ್ತಿ ಹೆಚ್ಚು ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಎಂಜಿನ್ನಿನ ಸಿಲಿಂಡರಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒತ್ತಿ ಹಿಡಿದು, ಆಮೇಲೆ ಸ್ಪಾರ್ಕ್ ಪ್ಲಗ್ಗಿನಿಂದ ಕಿಡಿ ಹೊತ್ತಿಸುತ್ತಾರೆ. ಆ ಬೆಂಕಿ ಬಂದು ತಲುಪುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ಒತ್ತಡಕ್ಕೆ, ಬಿಸಿಗೆ ತಾನಾಗಿಯೇ ಹೊತ್ತಿಕೊಂಡರೆ ಟಕಟಕ ಸದ್ದು ಬರುತ್ತೆ. ಅದನ್ನೇ ನಾಕಿಂಗ್ ಅನ್ನುತ್ತಾರೆ. ಹಾಗೆ ಮುನ್ನುಗ್ಗದೆ ತಡೆದುಕೊಳ್ಳುವ ಗುಣದ ಅಳತೆ ಆಕ್ಟೇನ್. ಅಂದರೆ ಅದು ಪೆಟ್ರೋಲಿನ ಬಲ ಅಲ್ಲ, ತಾಳ್ಮೆ.

ಹೆಚ್ಚು ಒತ್ತಡದಲ್ಲಿ ಕೆಲಸ ಮಾಡುವ ಎಂಜಿನ್ನಿಗೆ ಹೆಚ್ಚು ತಾಳ್ಮೆಯ ಪೆಟ್ರೋಲ್ ಬೇಕು. ನಿಮ್ಮ ಕಾರಿನ ಮ್ಯಾನ್ಯುಯಲ್ಲು 95 ಬೇಕು ಅಂದರೆ 95 ಹಾಕಿಸಿ, ಅಲ್ಲಿ ಜುಗ್ಗತನ ಬೇಡ. 91 ಸಾಕು ಅಂದಿದ್ದರೆ ಸಾಕು. ಬೇಡದ ಕಾರಿಗೆ ಪ್ರೀಮಿಯಂ ಕುಡಿಸಿ ಅಮೆರಿಕದವರು ಒಂದು ವರ್ಷಕ್ಕೆ ಸುಮಾರು 210 ಕೋಟಿ ಡಾಲರ್ ದಂಡ ಮಾಡುತ್ತಾರೆ ಅಂತ ಅಲ್ಲಿನ ವಾಹನ ಸವಾರರ ಸಂಘಟನೆ ಎಎಎ 2016ರಲ್ಲಿ ಲೆಕ್ಕ ಹಾಕಿತ್ತು.

ಅದೇ ವರ್ಷ ಅದೇ ಸಂಘಟನೆ ಇನ್ನೊಂದು ಪರೀಕ್ಷೆಯನ್ನೂ ಮಾಡಿತು. ಅಮೆರಿಕದಲ್ಲಿ ಕೆಲವು ಕಂಪನಿಗಳು ಎಂಜಿನ್ ಒಳಗೆ ಮಸಿ ಕಟ್ಟದಂತೆ ತೊಳೆಯುವ ರಾಸಾಯನಿಕವನ್ನು ಪೆಟ್ರೋಲಿಗೆ ಹೆಚ್ಚಾಗಿ ಬೆರೆಸುತ್ತವೆ, ಕೆಲವು ಕಾನೂನು ಹೇಳಿದಷ್ಟೇ ಬೆರೆಸುತ್ತವೆ. 4,000 ಮೈಲಿ ಓಡಿದಷ್ಟು ಪರೀಕ್ಷೆ ಮಾಡಿದಾಗ, ಕಡಿಮೆ ಬೆರೆಸಿದ ಪೆಟ್ರೋಲಿನಿಂದ ಸರಾಸರಿ 19 ಪಟ್ಟು ಹೆಚ್ಚು ಮಸಿ ಕಟ್ಟಿತ್ತು. "ನೋಡಿದ್ರಾ, ಅಗ್ಗದ್ದು ಕೆಟ್ಟದ್ದೇ" ಅಂತ ಎದ್ದು ನಿಲ್ಲಬೇಡಿ. ಆ ಎರಡರ ನಡುವೆ ಬೆಲೆಯ ವ್ಯತ್ಯಾಸ ಗ್ಯಾಲನ್ನಿಗೆ ಸರಾಸರಿ ಮೂರು ಸೆಂಟ್ ಮಾತ್ರ. ಬೋರ್ಡಿನ ಮೇಲಿನ ಬೆಲೆ ನೋಡಿ ಒಳ್ಳೆಯದು ಯಾವುದು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಏನು ಬೆರೆಸಿದ್ದಾರೆ ಅಂತ ಕೇಳಿದವರಿಗೆ ಮಾತ್ರ ಗೊತ್ತಾಗುತ್ತಿತ್ತು.

ನಮ್ಮಲ್ಲಂತೂ ಬೆಲೆಯಿಂದ ಗುಣ ಅಳೆಯುವುದು ಇನ್ನೂ ತಮಾಷೆಯ ವಿಷಯ. ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರೆ ಪೆಟ್ರೋಲಿನ ಬೆಲೆ ಬೇರೆ. ಬದಲಾದದ್ದು ರಾಜ್ಯದ ತೆರಿಗೆ, ಪೆಟ್ರೋಲ್ ಅಲ್ಲ. ಲೀಟರಿಗೆ ನಾವು ಕೊಡುವ ದುಡ್ಡಿನಲ್ಲಿ ದೊಡ್ಡದೊಂದು ಪಾಲು ಸರಕಾರಗಳಿಗೇ ಹೋಗುತ್ತೆ. ಅದು ಪಿಸ್ಟನ್ನಿನ ಹತ್ತಿರ ಸುಳಿಯುವುದೂ ಇಲ್ಲ.

ಹಾಗಾದರೆ "ನಾರ್ಮಲ್" ಅನ್ನುವಾಗ ಚುಚ್ಚುವುದು ಯಾಕೆ?

ನನಗೆ ಅನ್ನಿಸುವುದು ಇಷ್ಟು. ನಮಗೆ ಟೈಮ್ ಇಲ್ಲ. ಯಾವ ಎಣ್ಣೆ, ಯಾವ ಟೈರು, ಯಾವ ಡಾಕ್ಟರು, ಯಾವ ಸ್ಕೂಲು ಅಂತ ಒಂದೊಂದನ್ನೂ ಕೂತು ವಿಚಾರಿಸುವ ವ್ಯವಧಾನ ಇಲ್ಲ. ಆದ್ದರಿಂದ ಬೆಲೆಯನ್ನೇ ಶಾರ್ಟ್‌ಕಟ್ ಮಾಡಿಕೊಂಡಿದ್ದೇವೆ. ಜಾಸ್ತಿ ಕೊಟ್ಟೆ, ಅಂದರೆ ನನ್ನ ಕರ್ತವ್ಯ ಮುಗಿಯಿತು. ಅಗ್ಗ ಅಂತ ಮುಗ್ಗಿದ ಜೋಳ ಕೊಂಡರಂತೆ ಅನ್ನುವ ಗಾದೆ ನಮ್ಮ ಹಿರಿಯರದ್ದು, ನಿಜ. ಆದರೆ ಅವರು ಬೆಲೆ ಕೇಳುವ ಮೊದಲು ಜೋಳವನ್ನು ಅಂಗೈಯಲ್ಲಿ ಹಾಕಿಕೊಂಡು ಮೂಸಿ ನೋಡುತ್ತಿದ್ದರು. ಮೂಸುವ ಕೆಲಸ ಬಿಟ್ಟು ಗಾದೆ ಮಾತ್ರ ಉಳಿಸಿಕೊಂಡವರು ನಾವು. ಕಾಳಜಿ ಮಾಡುವುದರ ಬದಲು ದುಡ್ಡು ಕೊಡುವುದು: ಇದು ನಮ್ಮ ತಲೆಮಾರಿನ ದೊಡ್ಡ ಅನುಕೂಲ. ಮೋಸ ಹೋಗುವ ದಾರಿಯೂ ಅದೇ.

ಇದಕ್ಕೆ ಪೆಟ್ರೋಲಿನ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ. 1921ರಲ್ಲಿ ಜನರಲ್ ಮೋಟರ್ಸ್‌ನ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಗ್ಲಿ ಎಂಬಾತ ನಾಕಿಂಗಿಗೆ ಮದ್ದು ಕಂಡುಹಿಡಿದ. ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಒಂದು ಸಂಯುಕ್ತ. ಪೆಟ್ರೋಲಿಗೆ ಚೂರು ಬೆರೆಸಿದರೆ ಎಂಜಿನ್ ಬೆಣ್ಣೆಯ ಹಾಗೆ ಓಡುತ್ತೆ. ಸೀಸ ವಿಷ ಅನ್ನುವುದು ಆಗಲೇ ಗೊತ್ತಿದ್ದ ಸಂಗತಿ. ಅದಕ್ಕೇ ಮಾರುವಾಗ ಹೆಸರಿನಲ್ಲಿ ಸೀಸ ಇರಲಿಲ್ಲ. ಬರೀ "ಈಥೈಲ್" ಅಂದರು. ಸಾಮಾನ್ಯ ಪೆಟ್ರೋಲಿಗಿಂತ ಒಂದು ಕೈ ಮೇಲು ಅಂತ, ಹೆಚ್ಚಿನ ಬೆಲೆಗೆ ಮಾರಿದರು. 1924ರಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಸೀಸದ ವಿಷವೇರಿ, ಬುದ್ಧಿಭ್ರಮಣೆಯಾಗಿ ಸತ್ತರು. ಅಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಇದು ಬೇಡ ಅಂತ ಬಹಿರಂಗವಾಗಿ ವಾದಿಸಿದರು. ಮಾರಾಟ ನಿಲ್ಲಲಿಲ್ಲ. ಸೀಸ ಬೆರೆಸಿದ ಪೆಟ್ರೋಲ್ ಭಾರತದಲ್ಲಿ ನಿಂತಿದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಒಂದು ಶತಮಾನದಲ್ಲಿ ಅದೆಷ್ಟು ಮಕ್ಕಳು ಆ ಹೊಗೆ ಕುಡಿದು ಬೆಳೆದರೋ.

ಈಗ ಕೇಳಿ: ಈಥೈಲ್ ಕಾರಿಗೆ ಒಳ್ಳೆಯದಾಗಿತ್ತಾ? ಆಗಿನ ಎಂಜಿನ್ನಿಗೆ ಖಂಡಿತ ಒಳ್ಳೆಯದಾಗಿತ್ತು. ದುಬಾರಿಯೂ ಆಗಿತ್ತು. ಅದನ್ನು ಹಾಕಿಸಿದವರೆಲ್ಲ ತಮ್ಮ ಕಾರಿಗೆ ಶ್ರೇಷ್ಠವಾದದ್ದನ್ನೇ ಕೊಟ್ಟೆವು ಅಂತ ನೆಮ್ಮದಿಯಾಗಿ ಮನೆಗೆ ಹೋದರು. "ನನ್ನ ಕಾರಿಗೆ ಒಳ್ಳೆಯದಾ" ಅನ್ನುವ ಪ್ರಶ್ನೆ ಎಷ್ಟು ಚಿಕ್ಕದು ಅಂತ ಇದರಿಂದಲೇ ಗೊತ್ತಾಗುತ್ತೆ. ಹೊಗೆ ಹೋಗುವುದು ಹಿಂದಿನವರ ಮೂಗಿಗೆ.

ನಮ್ಮ ಕಾಲದ ಜಗಳ ಇ20. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಈ ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಿ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. ಎಥನಾಲ್ ಸೀಸದಂಥ ವಿಷ ಅಲ್ಲ, ಆಕ್ಟೇನ್ ಕೂಡ ಹೆಚ್ಚಿಸುತ್ತೆ. ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೆಯ ಕಾರುಗಳಲ್ಲಿ ಶೇ. 6-7ರಷ್ಟು ಮೈಲೇಜ್ ಕಡಿಮೆಯಾಗಬಹುದು, ಆದ್ದರಿಂದ ಬೆಲೆಯೂ ಕಡಿಮೆ ಇರಬೇಕು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಪೆಟ್ರೋಲ್ ಬಂತು, ಕಡಿಮೆ ಬೆಲೆ ಬರಲಿಲ್ಲ. ಎಥನಾಲ್ ಬೇಕೋ ಬೇಡವೋ ಅನ್ನುವ ದೊಡ್ಡ ವಾದಕ್ಕೆ ನಾನು ಇಲ್ಲಿ ಇಳಿಯಲ್ಲ. ದೇಶದ ಕಚ್ಚಾ ತೈಲದ ಬಿಲ್ಲು ಇಳಿಯಲಿ ಅಂತ ಒಬ್ಬ ಮನುಷ್ಯ ಸ್ವಲ್ಪ ಮೈಲೇಜ್ ಬಿಟ್ಟುಕೊಡಬಹುದು, ಅದು ಒಳ್ಳೆಯ ಕೆಲಸವೇ. ಆದರೆ ತ್ಯಾಗ ಅನ್ನಿಸಿಕೊಳ್ಳಬೇಕಾದರೆ ಕೊಡುವವನನ್ನು ಕೇಳಿರಬೇಕು. ಕೇಳದೆ ತಗೊಂಡರೆ ಅದು ಬರೀ ವಸೂಲಿ.

ಬೆಲೆಯಲ್ಲಿ ಕೆಟ್ಟದ್ದೇನೂ ಇಲ್ಲ, ಹೇಳದೆ ಬೆರೆಸುವುದರಲ್ಲಿ ಇದೆ ಅನ್ನುವುದಕ್ಕೆ ಕಲಬೆರಕೆಗಿಂತ ದೊಡ್ಡ ಸಾಕ್ಷಿ ಬೇಡ. ನಿಮ್ಮ ಕಾರನ್ನು ನಿಜವಾಗಿ ಹಾಳು ಮಾಡುವ ಪೆಟ್ರೋಲ್ ಅದು. ವರ್ಷಗಟ್ಟಲೆ ಈ ದೇಶದಲ್ಲಿ ಕಲಬೆರಕೆಗೆ ಬಳಕೆಯಾಗಿದ್ದು ಸೀಮೆಎಣ್ಣೆ. ಬಡವರ ಮನೆಯ ದೀಪಕ್ಕೆ, ಸ್ಟವ್‌ಗೆ ಅಂತ ಸರಕಾರ ಸಬ್ಸಿಡಿ ಕೊಟ್ಟು, ನೀಲಿ ಬಣ್ಣ ಹಾಕಿ, ರೇಷನ್ ಅಂಗಡಿಗೆ ಕಳಿಸಿದ ಸೀಮೆಎಣ್ಣೆ. ಅಲ್ಲಿ ಅದು ಅಗ್ಗವಾಗಿದ್ದು ದಯೆಯಿಂದ. ಕ್ಯಾನ್ ಹಿಡಿದು ಕ್ಯೂನಲ್ಲಿ ನಿಂತವರಿಗೆ "ಸ್ಟಾಕ್ ಖಾಲಿ" ಅಂತ ಹೇಳಿ, ಅದೇ ಎಣ್ಣೆ ರಾತ್ರಿ ಬಂಕಿನ ಟ್ಯಾಂಕಿಗೆ ಹೋಗುತ್ತಿತ್ತು. ಒಂದು ಮಾತು ಗಮನಿಸಿ: ಕಲಬೆರಕೆ ಪೆಟ್ರೋಲ್ ಕೊಳ್ಳುವವನಿಗೆ ಅಗ್ಗ ಅಲ್ಲ. ಅವನು ಪೂರ್ತಿ ಬೆಲೆಯನ್ನೇ ಕೊಡುತ್ತಾನೆ. ಜಾಸ್ತಿ ಕೊಟ್ಟರೆ ಸೇಫ್ ಅನ್ನುವ ನಮ್ಮ ಲೆಕ್ಕ ಕೈಕೊಡುವುದು ಇಲ್ಲೇ.

ಹಾಗಾದರೆ ನಮ್ಮ ಕಾರನ್ನು ಕಾಯುವವರು ಯಾರು? ಮಂಜುನಾಥ್ ಷಣ್ಮುಗಂ ನೆನಪಾಗುತ್ತಾರೆ. ಕೆಜಿಎಫ್‌ನ ಹುಡುಗ. ಮೈಸೂರಿನಲ್ಲಿ ಇಂಜಿನಿಯರಿಂಗ್, ಆಮೇಲೆ ಲಖನೌ ಐಐಎಂ. ನಮ್ಮ ನಿಮ್ಮಂಥದ್ದೇ ಬಯೋಡೇಟಾ. ಜೊತೆಯವರು ಬ್ಯಾಂಕು, ಕನ್ಸಲ್ಟಿಂಗ್ ಅಂತ ಹೊರಡುವಂಥ ಕಾಲೇಜಿನಿಂದ ಬಂದು ಇಂಡಿಯನ್ ಆಯಿಲ್ ಸೇರಿದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಪೋಸ್ಟಿಂಗ್. ಬಂಕುಗಳಿಗೆ ಹೋಗಿ ಸ್ಯಾಂಪಲ್ ತೆಗೆಯುವುದು ಅವರ ಕೆಲಸದ ಭಾಗ. ಕಲಬೆರಕೆ ಸಿಕ್ಕಿದ ಒಂದು ಬಂಕಿಗೆ ಬೀಗ ಹಾಕಿಸಿದರು. ಅದು ಮತ್ತೆ ತೆರೆದಾಗ ಮತ್ತೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರ ರಾತ್ರಿ ಗುಂಡಿಟ್ಟು ಕೊಂದರು. ವಯಸ್ಸು 27. ಶವ ಸಿಕ್ಕಿದ್ದು ಅವರದೇ ಕಾರಿನ ಹಿಂದಿನ ಸೀಟಿನಲ್ಲಿ. ಬಂಕಿನ ಮಾಲೀಕನಿಗೆ ಆದ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು.

ಅವರನ್ನು ಹೀರೋ ಮಾಡಿ, ಹಾರ ಹಾಕಿ, ಮುಂದೆ ಹೋಗುವುದು ಸುಲಭ. ನನಗೆ ಕಾಡುವುದು ಬೇರೆ. ಆ ಬಂಕಿಗೆ ದಿನವೂ ಬರುತ್ತಿದ್ದ ಬೈಕು, ಟ್ರ್ಯಾಕ್ಟರು, ಕಾರುಗಳವರಿಗೆ ಇಂಥವನೊಬ್ಬ ತಮ್ಮ ಪರವಾಗಿ ನಿಂತಿದ್ದಾನೆ ಅಂತ ಗೊತ್ತೇ ಇದ್ದಿರಲಿಕ್ಕಿಲ್ಲ. ಪೆಟ್ರೋಲಿನ ಗುಣವನ್ನು ಕಾಯುವುದು ಬೆಲೆ ಅಲ್ಲ, ಎಲ್ಲೋ ಒಬ್ಬ ಮನುಷ್ಯ ತನ್ನ ಕೆಲಸವನ್ನು ಸರಿಯಾಗಿ ಮಾಡುವುದು. ಅವನಿಗೆ ಕೊಡಬೇಕಾದ ದುಡ್ಡನ್ನು ಯಾವ ಪ್ರೀಮಿಯಮ್ಮಿನಲ್ಲೂ ಸೇರಿಸಿಲ್ಲ. ಅವನು ಒಂಟಿಯಾಗಿ ಬಿಡುವುದು ನಾವ್ಯಾರೂ ಏನೂ ಕೇಳದೇ ಇದ್ದಾಗ.

ಕೇಳುವುದು ಕಷ್ಟವೇನಲ್ಲ. ಬಂಕಿನಲ್ಲಿ ಫಿಲ್ಟರ್ ಪೇಪರ್ ಕೊಡಿ ಅಂತ ಕೇಳುವ ಹಕ್ಕು ಪ್ರತಿಯೊಬ್ಬ ಗಿರಾಕಿಗೂ ಇದೆ. ನಳಿಕೆಯ ತುದಿ ಒರೆಸಿ ಒಂದು ಹನಿ ಪೆಟ್ರೋಲ್ ಅದರ ಮೇಲೆ ಬಿಟ್ಟರೆ, ಶುದ್ಧವಾಗಿದ್ದರೆ ಸುಮಾರು ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಿಹೋಗುತ್ತೆ. ಕಲೆ ಉಳಿದರೆ ಅನುಮಾನಪಡಬೇಕು. ಡೆನ್ಸಿಟಿ ಎಷ್ಟು ಅಂತ ಕೇಳಬಹುದು. ಅಳತೆಯ ಮೇಲೆ ಅನುಮಾನ ಇದ್ದರೆ ಐದು ಲೀಟರಿನ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಿ ಅನ್ನಬಹುದು. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಾರೆ, ಪೈಪ್ ಹಿಡಿದ ಹುಡುಗನಿಗೂ ಕಿರಿಕಿರಿ. ಅವನ ಮೇಲೆ ರೇಗಬೇಡಿ. ಟ್ಯಾಂಕಿಗೆ ಏನು ಬೆರೆಸಬೇಕು ಅಂತ ತೀರ್ಮಾನ ಮಾಡುವವನು ಅವನಲ್ಲ, ಸಂಬಳವೂ ಅಷ್ಟಕ್ಕಷ್ಟೇ. ಮ್ಯಾನೇಜರನ್ನು ಕರೆಸಿ ಸಮಾಧಾನವಾಗಿ ಕೇಳಿ.

ಅಗ್ಗದ ಪೆಟ್ರೋಲ್ ಕಾರಿಗೆ ಕೆಟ್ಟದ್ದಾ ಅಂತ ಯಾರಾದರೂ ಈಗ ಕೇಳಿದರೆ ನನ್ನ ಉತ್ತರ ಚಿಕ್ಕದು. ಮ್ಯಾನ್ಯುಯಲ್ಲಿಗೆ ಹೊಂದುವ, ಹೇಳಿದ್ದೇ ಕೊಡುವ ಪೆಟ್ರೋಲ್ ಆದರೆ ಅಗ್ಗವಾದಷ್ಟೂ ಸಂತೋಷ. ಉಳಿದ ದುಡ್ಡಿಗೆ ಟೈರಿನ ಗಾಳಿ ಚೆಕ್ ಮಾಡಿಸಿ, ಏರ್ ಫಿಲ್ಟರ್ ಬದಲಾಯಿಸಿ. ಮತ್ತೆ ವರ್ಷಕ್ಕೊಂದೆರಡು ಸಲವಾದರೂ, ಎಷ್ಟೇ ಅರ್ಜೆಂಟಿದ್ದರೂ, ಆ ಫಿಲ್ಟರ್ ಪೇಪರ್ ಕೇಳಿ.