ವೀರಗಲ್ಲಿನ ನಡುವಣ ಪಟ್ಟಿಕೆ

ಕನ್ನಡ ನಾಡಿನಲ್ಲಿ ಕೆರೆಯ ಏರಿಯ ಮೇಲೆಯೋ ಗುಡಿಯ ಅಂಗಳದಲ್ಲಿಯೋ ನಿಂತಿರುವ ವೀರಗಲ್ಲುಗಳನ್ನು ಕಾಣದವರು ವಿರಳ. ಅವುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ, ನಡುವಣದರಲ್ಲಿ ಮಡಿದ ವೀರನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಮೃತ್ಯುವನ್ನೂ ಕಾಮವನ್ನೂ ಒಂದೇ ಕಲ್ಲಿನಲ್ಲಿ ಇಷ್ಟು ಸಮೀಪಕ್ಕೆ ತಂದ ಶಿಲ್ಪವಿದು. ಸಾವಿನ ಭಯವನ್ನು ಭೋಗದ ಆಸೆಯಿಂದ ಗೆಲ್ಲಬಹುದೇ, ಹಾಗೆ ಗೆದ್ದುದು ಗೆಲುವೆನಿಸುವುದೇ ಎಂಬುದು ವಿಚಾರಣೀಯವಾಗಿದೆ.

ಯುದ್ಧದಲ್ಲಿ ಉಳಿದವನಿಗೂ ಅಳಿದವನಿಗೂ ಲಾಭವುಂಟೆಂದು ಎಣಿಸುವ ಸಂಸ್ಕೃತ ಶ್ಲೋಕವೊಂದನ್ನು ಎಷ್ಟೋ ವೀರಗಲ್ಲುಗಳಲ್ಲಿ ಕೆತ್ತಿದ್ದಾರೆ. ಇದು ವ್ಯಾಪಾರದ ಮಾತು; ಪ್ರಾಣವನ್ನು ಕೊಟ್ಟು ಸುಖವನ್ನು ಕೊಳ್ಳುವುದು. ಆದರೆ ಊರಿನ ತುರುಗಳನ್ನು ಬಿಡಿಸಲು, ಹೆಂಗಸರ ಮಾನವನ್ನು ಕಾಯಲು ಹೋಗಿ ಮಡಿದವರ ಕಲ್ಲುಗಳೂ ಇವುಗಳಲ್ಲಿ ಅನೇಕ. ದನಗಳ ಹಿಂದೆ ಓಡಿದವನಿಗೆ ಅಪ್ಸರೆಯರನ್ನು ನೆನೆಯಲು ಬಿಡುವೆಲ್ಲಿತ್ತು? ಸ್ವರ್ಗದ ಆಸೆಯನ್ನು ಅವನ ಹೆಸರಿಗೆ ಬರೆದವರು ಬದುಕುಳಿದವರು. ಅವರಿಗೂ ಕಾರಣವಿತ್ತೆನ್ನಬೇಕು, ನಾಳೆ ಇನ್ನೊಬ್ಬ ತರುಣನು ಊರಿಗಾಗಿ ಏಳಬೇಕಾಗಿತ್ತಷ್ಟೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ 10ನೆಯ ಶತಮಾನದ ಕಲ್ಲನ್ನು ಇಲ್ಲಿ ನೆನೆಯಬಹುದು. ಮಣಲೇರನೆಂಬ ಯೋಧನು ಗಂಗರ ಬೂತುಗನಿಂದ ಬೇಡಿ ಪಡೆದ ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ ಸತ್ತುದನ್ನು ಅದು ಸಾರುತ್ತದೆ. ಅಲ್ಲಿ ನಾಯಿಯುಂಟು, ಹಂದಿಯುಂಟು, ಅಪ್ಸರೆಯರಿಲ್ಲ. ನಾಯಿಗೆ ಫಲವನ್ನು ತೋರಿಸಬೇಕೆಂದು ಶಿಲ್ಪಿಗೆ ತೋರಲಿಲ್ಲ. ಫಲಾಪೇಕ್ಷೆಯಿಲ್ಲದ ನಿಷ್ಠೆಯು ಆ ಮೂಕಪ್ರಾಣಿಯಲ್ಲಿ ಎಷ್ಟು ನಿಚ್ಚಳವಾಗಿದೆ!

12ನೆಯ ಶತಮಾನದ ಶರಣರ ಕಾಲದಲ್ಲಿಯೂ ಇಂತಹ ಕಲ್ಲುಗಳನ್ನು ನೆಡುತ್ತಿದ್ದರು. ಅಲ್ಲಮಪ್ರಭುದೇವರು ಮಾಯೆಯ ನೆಲೆಯನ್ನು ಹೊರವಸ್ತುಗಳಲ್ಲಲ್ಲ, ಮನಸ್ಸಿನ ತವಕದಲ್ಲಿ ತೋರಿಸಿದರು. ಆ ತವಕವು ಸಾವಿನಾಚೆಗೂ ಕೈಚಾಚಿದರೆ ಅದು ಮಾಯೆಯಲ್ಲದೆ ಮತ್ತೇನು? ಹಾಗೆಂದು ಶಿಲ್ಪಿಯನ್ನು ಹಳಿಯಲಾಗದು. ಅವನು ಅಪ್ಸರೆಯರನ್ನು ನಡುವೆಯೇ ನಿಲ್ಲಿಸಿ ಲಿಂಗವನ್ನು ಮೇಲಿರಿಸಿದನು. ಆದರೂ ಆ ವೀರನು ಲಿಂಗದ ಎದುರಿಗೆ ಕುಳಿತಿದ್ದಾನೆ, ಲಿಂಗದಲ್ಲಿ ಒಂದಾಗಿಲ್ಲ. ಶರಣರು ಬಯಸಿದ ಸಾಮರಸ್ಯಕ್ಕೆ ಆ ಅಂತರವೂ ಸಲ್ಲದು.

ದಾಸೋಹ ಮಾಡಿ ಸದ್ಗತಿಯನ್ನು ಲೆಕ್ಕ ಹಾಕುವ ಗೃಹಸ್ಥನ ಮನದಲ್ಲಿಯೂ ಈ ನಡುವಣ ಪಟ್ಟಿಕೆಯುಂಟು. ಅಪ್ಸರೆಯರ ಬದಲು ಅಲ್ಲಿ ಪುಣ್ಯವೋ ಕೀರ್ತಿಯೋ ನಿಂತಿರಬಹುದು. ಉಣ್ಣುವ ಜಂಗಮನ ಹಸಿವನ್ನು ಅವನು ನೋಡುತ್ತಿರುವನೋ, ತನಗೆ ಬರಬೇಕಾದುದನ್ನೋ?

ಲಿಂಗೈಕ್ಯನಾದವನನ್ನು ಸುಡದೆ, ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಭೂಮಿಯಲ್ಲಿ ಸಮಾಧಿ ಮಾಡುವ ಪದ್ಧತಿ ವೀರಶೈವರಲ್ಲಿದೆ. ಅಲ್ಲಿ ಮೇಲಕ್ಕೆ ಒಯ್ಯುವವರಾರೂ ಇಲ್ಲ. ಬದುಕಿದ್ದಾಗ ದಿನವೂ ಚಾಚಿದ ಅಂಗೈಯೇ ಅದು, ದಿನವೂ ದಿಟ್ಟಿಸಿದ ಲಿಂಗವೇ ಅದು.